ತಮಟೆಯವನ ವರ್ಷ ಮತ್ತು ಮಲೆನಾಡಿನ ನೀರು

ನಾಡಿನ ಮೆರವಣಿಗೆಗಳಲ್ಲಿ ಜನಪದ ಕಲಾವಿದನನ್ನು ಕಾಣದವರು ವಿರಳ. ಮೈಸೂರು ದಸರೆಯ ಜಂಬೂಸವಾರಿಯಾಗಲಿ, ಜಿಲ್ಲಾ ಕೇಂದ್ರದ ರಾಜ್ಯೋತ್ಸವವಾಗಲಿ, ಸಾಹಿತ್ಯ ಸಮ್ಮೇಳನವಾಗಲಿ, ಪೂಜಾ ಕುಣಿತ, ಪಟ ಕುಣಿತ, ವೀರಗಾಸೆಗಳಿಲ್ಲದೆ ಅದು ಮುಂದೆ ಸಾಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ಜಾನಪದ ವಿದ್ವಾಂಸರಾದ ಗೊ.ರು. ಚನ್ನಬಸಪ್ಪನವರು. ಜನಪದ ಕಲೆಗೆ ವೇದಿಕೆಯ ಗೌರವ ಕಡಿಮೆಯಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಮೆರವಣಿಗೆ ಮುಗಿದ ಮರುದಿನ ಆ ಕಲಾವಿದ ಎಲ್ಲಿಗೆ ಹೋಗುತ್ತಾನೆ, ವರ್ಷದ ಉಳಿದ ದಿನಗಳನ್ನು ಹೇಗೆ ಕಳೆಯುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಪರಿಸರದ ಪತ್ರಿಕೆಯೊಂದರಲ್ಲಿ ಕೇಳುವುದಕ್ಕೆ ಕಾರಣವಿದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನ ದುರ್ಗದ ಸೆರಗಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕೃಷ್ಣರಾಜಪೇಟೆ ತಾಲ್ಲೂಕಿಗೆ ಇಳಿಯುತ್ತದೆ. ತಲಕಾವೇರಿಯಿಂದ ಬರುವ ಕಾವೇರಿಯೂ ಬ್ರಹ್ಮಗಿರಿಯ ಇರ್ಪಿನಿಂದ ಬರುವ ಲಕ್ಷ್ಮಣತೀರ್ಥವೂ ಅಲ್ಲಿ ಹೇಮಾವತಿಯನ್ನು ಕೂಡುತ್ತವೆ. ಆ ಸಂಗಮ ಈಗ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದೆ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳ ಗದ್ದೆ, ತೋಟ, ಹಬ್ಬ, ಜಾತ್ರೆಗಳು ಬಹುಮಟ್ಟಿಗೆ ಈ ನೀರನ್ನು ನೆಚ್ಚಿವೆ. ಅದನ್ನು ನೆಚ್ಚಿದವರ ಪಟ್ಟಿಯಲ್ಲಿ ರೈತನ ಹೆಸರಿದೆ, ಸಕ್ಕರೆ ಕಾರ್ಖಾನೆಯ ಹೆಸರಿದೆ, ಬೆಂಗಳೂರಿನ ನಲ್ಲಿಯ ಹೆಸರೂ ಇದೆ. ತಮಟೆ ಬಡಿಯುವವನ ಹೆಸರು ಮಾತ್ರ ಇಲ್ಲ.

ಮಂಡ್ಯ ಸೀಮೆಯ ಕುಣಿತಗಳಿಗೆಲ್ಲ ತಮಟೆಯೇ ಆಧಾರ ಎಂದರೆ ಉತ್ಪ್ರೇಕ್ಷೆಯಾಗದು. ಬಿದಿರಿನ ಚೌಕಟ್ಟಿಗೆ ಸೀರೆಗಳನ್ನು ನೆರಿಗೆಯಾಗಿ ಕಟ್ಟಿ, ನಡುವೆ ದೇವಿಯ ಮುಖವನ್ನಿರಿಸಿ, ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತಕ್ಕೆ ಹೆಜ್ಜೆ ಕೊಡುವುದು ತಮಟೆ. ಬಣ್ಣದ ಬಟ್ಟೆ ಸುತ್ತಿದ ಉದ್ದನೆಯ ಬಿದಿರನ್ನು ಸೊಂಟಕ್ಕೆ ಊರಿ ಆಡುವ ಪಟಕ್ಕೂ ಅದೇ ಗತಿ. ಗ್ರಾಮದೇವತೆಯ ಹಬ್ಬದಲ್ಲಿ ಕೊಂಡ ಹಾಯುವಾಗ, ದೇವರು ಊರಾಡುವಾಗ, ಮದುವೆಯ ದಿಬ್ಬಣ ಹೊರಟಾಗ, ಸತ್ತವರನ್ನು ಸಾಗಿಸುವಾಗ ಕೇಳುವುದು ಅದೇ ವಾದ್ಯ. ಬಳೆಯಾಕಾರದ ಚೌಕಟ್ಟಿಗೆ ಬಿಗಿದ ಒಂದು ಚರ್ಮ, ಒಂದು ಕೈಯಲ್ಲಿ ಗಿಡ್ಡನೆಯ ಕೋಲು, ಇನ್ನೊಂದರಲ್ಲಿ ತೆಳುವಾದ ಬಿದಿರ ಕಡ್ಡಿ, ಇಷ್ಟೇ ಅದರ ಸರಂಜಾಮು. ಬಡಿಯುವ ಮೊದಲು ಹುಲ್ಲಿನ ಉರಿಯಲ್ಲಿ ಕಾಯಿಸಿದರೆ ಚರ್ಮ ಬಿಗಿಯಾಗಿ ನಾದ ಏಳುತ್ತದೆ. ತೇವವಿದ್ದರೆ ಚರ್ಮ ಸಡಿಲಗೊಂಡು ದನಿ ಮಂಕಾಗುತ್ತದೆ. ಮಳೆ, ಬಿಸಿಲುಗಳ ವ್ಯತ್ಯಾಸವನ್ನು ಇಷ್ಟು ನೇರವಾಗಿ ತಿಳಿಸುವ ವಾದ್ಯಗಳು ಹೆಚ್ಚಿಲ್ಲ.

ಮಳೆಗಾಲದ ಬರಿಗೈ

ತಮಟೆಯವನ ವರ್ಷವನ್ನು ಯುಗಾದಿಯಿಂದ ಎಣಿಸುವುದಕ್ಕಿಂತ ಮುಂಗಾರಿನಿಂದ ಎಣಿಸುವುದು ಹೆಚ್ಚು ಸರಿ. ಜೂನ್ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದು ಹಳ್ಳಕೊಳ್ಳಗಳು ತುಂಬುವ ಹೊತ್ತಿಗೆ ಬಯಲಿನಲ್ಲಿ ಅವನ ಸಂಪಾದನೆ ನಿಲ್ಲುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ. ಜಾತ್ರೆಗಳು ಮುಗಿದಿರುತ್ತವೆ. ಊರಿನವರೆಲ್ಲ ಉಳುಮೆ, ಒಟ್ಲು, ನಾಟಿಗಳಲ್ಲಿ ಮುಳುಗಿರುತ್ತಾರೆ. ಸ್ವಂತ ಭೂಮಿಯಿಲ್ಲದ, ಅಥವಾ ತುಂಡು ಭೂಮಿಯ ಒಡೆಯನಾದ ಕಲಾವಿದ ಈ ತಿಂಗಳುಗಳಲ್ಲಿ ಕೃಷಿ ಕೂಲಿಯಾಗುತ್ತಾನೆ. ಅವನ ಹೆಂಡತಿ ನಾಟಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಪಾಂಡವಪುರ, ಶ್ರೀರಂಗಪಟ್ಟಣಗಳ ಕಡೆಯವನಾದರೆ ಆಲೆಮನೆಯ ಕೆಲಸವೂ ಉಂಟು. ಕಲೆಯನ್ನೇ ವೃತ್ತಿಯೆಂದು ಬರೆಸಿಕೊಂಡವನೂ ವರ್ಷದ ಬಹುಭಾಗ ಬೇರೆ ದುಡಿಮೆಯಿಂದಲೇ ಬದುಕುತ್ತಾನೆ.

ಕೂಲಿ ಸಿಗಬೇಕಾದರೂ ನಾಲೆಗೆ ನೀರು ಬರಬೇಕು. 1911ರಲ್ಲಿ ಕಟ್ಟಲು ಆರಂಭಿಸಿದ ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಜುಲೈ, ಆಗಸ್ಟ್‌ಗಳಲ್ಲಿ ಈ ಅಂಕಿಯತ್ತ ಜಿಲ್ಲೆಯ ಕಣ್ಣೆಲ್ಲ ನೆಟ್ಟಿರುತ್ತದೆ. ಅಣೆಕಟ್ಟು ತುಂಬಿದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು, ನೀರಿದ್ದರೆ ನಾಟಿ, ನಾಟಿಯಿದ್ದರೆ ಕೂಲಿ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ ಮೊದಲಾದ ಹಳೆಯ ಕಾಲುವೆಗಳಿವೆ. ಕೃಷ್ಣರಾಜಪೇಟೆಯಲ್ಲಿ ಹೇಮಗಿರಿ, ಮಂದಗೆರೆಗಳ ಅಣೆಗಳು ಹೇಮಾವತಿಯನ್ನು ಹೊಲಗಳ ಕಡೆಗೆ ತಿರುಗಿಸುತ್ತವೆ. ನಾಗಮಂಗಲದ ಪರಿಸ್ಥಿತಿ ಬೇರೆ. ಅಲ್ಲಿನ ನೆಲದ ಬಹುಭಾಗ ರಾಗಿ, ಹುರುಳಿಗಳ ಬೆದ್ದಲು. ಅಲ್ಲಿ ಕೆರೆಗಳು, ಮಳೆ ಮತ್ತು ದೂರದಿಂದ ಬರುವ ಹೇಮಾವತಿ ನಾಲೆಯ ನೀರೇ ಗತಿ. ಆದುದರಿಂದ ಒಂದೇ ವಾದ್ಯ ಬಡಿಯುವ ನಾಗಮಂಗಲದವನ ವರ್ಷವೂ ಶ್ರೀರಂಗಪಟ್ಟಣದವನ ವರ್ಷವೂ ಒಂದೇ ಆಗಿರುವುದಿಲ್ಲ.

ಗಣೇಶನಿಂದ ದಸರೆಯವರೆಗೆ

ಭಾದ್ರಪದದ ಗಣೇಶನೊಡನೆ ವಾದ್ಯಕ್ಕೆ ಮತ್ತೆ ಬೇಡಿಕೆ ಬರಬೇಕು. ಹಿಂದೆ ಬರುತ್ತಿತ್ತು. ಈಗ ವಿಸರ್ಜನೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿ.ಜೆ. ಪೆಟ್ಟಿಗೆಗಳು ತಮಟೆಯ ಜಾಗವನ್ನು ಹಲವೆಡೆ ಆಕ್ರಮಿಸಿವೆ. ಹತ್ತು ಜನರ ತಂಡಕ್ಕೆ ಕೊಡಬೇಕಾದ ಹಣದಲ್ಲಿ ಒಂದು ಯಂತ್ರ ಬರುತ್ತದೆ, ಅದಕ್ಕೆ ಊಟ ಹಾಕಬೇಕಾಗಿಲ್ಲ ಎಂಬ ಲೆಕ್ಕಾಚಾರ ಯುವಕ ಸಂಘಗಳದು. ಶಬ್ದ ಮಾಲಿನ್ಯ ನಿಯಂತ್ರಣಕ್ಕೆಂದು 2000ದಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ರೂಪಿಸಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು ಅದರ ಸಾರ. ಹಬ್ಬಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ. ನಿಯಮ ಬಂದು ಕಾಲು ಶತಮಾನ ಕಳೆದರೂ ಅದು ಪಾಲನೆಯಾಗುವುದಕ್ಕಿಂತ ಉಲ್ಲಂಘನೆಯಾಗುವುದೇ ಹೆಚ್ಚು. ಪರಿಸರ ಚಳವಳಿಯವರು ಶಬ್ದ ಮಾಲಿನ್ಯವನ್ನು ಹಕ್ಕಿಗಳ ಮತ್ತು ರೋಗಿಗಳ ದೃಷ್ಟಿಯಿಂದ ನೋಡಿದ್ದಾರೆ. ಅದು ಕೂಲಿಯ ಪ್ರಶ್ನೆಯೂ ಹೌದು ಎಂಬುದನ್ನು ಗಮನಿಸಿದ್ದು ಕಡಿಮೆ.

ಪಿತೃಪಕ್ಷ ಕಳೆದು ದಸರೆ ಬರುತ್ತದೆ. ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಆ ನೆನಪಿಗಾಗಿ ಕಿರಂಗೂರಿನ ಬನ್ನಿಮಂಟಪದಿಂದ ಅಲ್ಲಿಯೂ ಈಗ ಜಂಬೂಸವಾರಿ ಹೊರಡುತ್ತದೆ. ಜನಪದ ತಂಡಗಳಿಗೆ ಸರ್ಕಾರದ ಕಾರ್ಯಕ್ರಮಗಳ ಕಾಲ ಇದು. ಪತ್ರ ಬರುತ್ತದೆ, ತಂಡ ಹೊರಡುತ್ತದೆ. ಬೆಳಗಿನ ಜಾವದಲ್ಲಿ ವೇಷ ಕಟ್ಟಿ, ಗಂಟೆಗಟ್ಟಲೆ ಸರದಿಗಾಗಿ ಕಾದು, ಗಣ್ಯರ ವೇದಿಕೆಯ ಮುಂದೆ ಕೆಲವು ನಿಮಿಷ ಕುಣಿದು ಮುಂದೆ ಸಾಗಬೇಕು. ಊರಿನ ಹಬ್ಬದಲ್ಲಿ ರಾತ್ರಿಯಿಡೀ ಬೆಳೆಯುವ ಗತ್ತು ಇಲ್ಲಿ ತುಣುಕಾಗುತ್ತದೆ. ಗೌರವಧನ ತಂಡದ ಮುಖ್ಯಸ್ಥನ ಹೆಸರಿಗೆ, ಹಲವು ಬಾರಿ ತಿಂಗಳುಗಳ ನಂತರ ಬರುತ್ತದೆ. ಪ್ರಯಾಣ, ವೇಷಭೂಷಣಗಳ ಖರ್ಚು ಕಳೆದು ಉಳಿದದ್ದನ್ನು ಹಂಚಿದಾಗ ಒಬ್ಬೊಬ್ಬನ ಪಾಲಿಗೆ ಒಂದೆರಡು ದಿನದ ಗಾರೆ ಕೆಲಸದ ಕೂಲಿಗಿಂತ ಹೆಚ್ಚೇನೂ ಉಳಿಯದು ಎಂಬುದು ತಂಡಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೂ ಅವರು ಹೋಗುತ್ತಾರೆ. ಆ ಪ್ರಮಾಣಪತ್ರಗಳು ಮುಂದೆಂದಾದರೂ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತವೆ.

ಸುಗ್ಗಿ ಮತ್ತು ಜಾತ್ರೆ

ಕಾರ್ತಿಕ, ಮಾರ್ಗಶಿರಗಳಲ್ಲಿ ರಾಗಿಯೂ ಭತ್ತವೂ ಕೊಯ್ಲಿಗೆ ಬರುತ್ತವೆ. ಹಿಂದೆ ಈ ಕಣಗಳಲ್ಲಿಯೇ ಊರಿನ ಆಯಗಾರರಿಗೆ ವರ್ಷದ ಕಾಳು ಅಳೆದುಕೊಡುವ ಪದ್ಧತಿಯಿತ್ತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ತೋಟಿ, ನೀರುಗಂಟಿಗಳೆಲ್ಲ ಅದರಲ್ಲಿ ಪಾಲುದಾರರು. ಹಲವು ಊರುಗಳಲ್ಲಿ ತಮಟೆ ಬಡಿಯುವ ದಲಿತ ಕುಟುಂಬಗಳೇ ತೋಟಿಯ, ನೀರುಗಂಟಿಯ ಕೆಲಸಗಳನ್ನೂ ಮಾಡುತ್ತಿದ್ದವು. ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವ ಕೈಗಳು ಮತ್ತು ಊರಿಗೆ ಸುದ್ದಿ ಸಾರಲು ತಮಟೆ ಬಡಿಯುವ ಕೈಗಳು ಒಂದೇ ಕೇರಿಯವು. ಕೆರೆಯ ವ್ಯವಸ್ಥೆಯೂ ತಮಟೆಯ ವ್ಯವಸ್ಥೆಯೂ ಕೂಡಿಯೇ ಸಡಿಲವಾದದ್ದು ಆಕಸ್ಮಿಕವಲ್ಲ. ಕೊಳವೆಬಾವಿ ಬಂದ ಮೇಲೆ ಕೆರೆಯ ತೂಬಿಗೆ ಕೆಲಸ ಕಡಿಮೆಯಾಯಿತು, ನೀರುಗಂಟಿ ಬೇಡವಾದ. ಧ್ವನಿವರ್ಧಕ ಕಟ್ಟಿದ ಆಟೋ ಬಂದ ಮೇಲೆ ಸಾರುವವನೂ ಬೇಡವಾದ.

ನೀರಾವರಿ ಊರುಗಳಲ್ಲಿ ಕಬ್ಬು ಹೆಚ್ಚಾದಂತೆ ಇನ್ನೊಂದು ಬದಲಾವಣೆಯೂ ಆಯಿತು. ಭತ್ತ, ರಾಗಿಗಳಿಗೆ ಊರಿಗೆಲ್ಲ ಒಂದೇ ಸುಗ್ಗಿ. ಕಬ್ಬಿನ ಕಟಾವು ಕಾರ್ಖಾನೆಯ ಪರವಾನಗಿಯಂತೆ, ಒಬ್ಬೊಬ್ಬರದು ಒಂದೊಂದು ತಿಂಗಳು. ಊರೆಲ್ಲ ಏಕಕಾಲಕ್ಕೆ ಕೈ ಬಿಡುವು ಮಾಡಿಕೊಂಡು ಹಬ್ಬಕ್ಕೆ ಕೂಡುವ ಅವಕಾಶ ಇದರಿಂದ ಕುಗ್ಗಿದೆ. ಒಂದೇ ಬೆಳೆಯ ಕೃಷಿ ಮಣ್ಣಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಪರಿಸರಾಸಕ್ತರು ಬಲ್ಲರು. ಅದು ಪಂಚಾಂಗದ ಮೇಲೂ ಪರಿಣಾಮ ಬೀರುತ್ತದೆ.

ಸಂಕ್ರಾಂತಿಯ ನಂತರ ತಮಟೆಯವನ ನಿಜವಾದ ಕಾಲ ಆರಂಭ. ರಥಸಪ್ತಮಿಯ ಹೊತ್ತಿಗೆ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ, ಹೇಮಾವತಿಯ ದಂಡೆಯಲ್ಲಿ ದನಗಳ ಜಾತ್ರೆ. ಶಿವರಾತ್ರಿಯ ಆಸುಪಾಸಿನಲ್ಲಿ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಮತ್ತೊಂದು ದನಗಳ ಜಾತ್ರೆ. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ. ನಾಗಮಂಗಲದ ಕಡೆಯವರಿಗೆ ಆದಿಚುಂಚನಗಿರಿಯ ಜಾತ್ರೆ. ಇವುಗಳ ನಡುನಡುವೆ, ಯುಗಾದಿಯಿಂದ ಮುಂಗಾರಿನವರೆಗೆ, ಊರೂರಿನ ಮಾರಮ್ಮ, ಲಕ್ಷ್ಮೀದೇವಿಯರ ಹಬ್ಬಗಳು. ಒಂದು ತಂಡ ಒಂದು ಊರಿನ ಕೊಂಡ ಮುಗಿಸಿ, ಮರುರಾತ್ರಿ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ನಾಲ್ಕು ತಿಂಗಳ ಈ ದುಡಿಮೆಯಲ್ಲಿ ಸಾಲ ತೀರಬೇಕು, ಮಕ್ಕಳ ಶುಲ್ಕ ಹೊರಬೇಕು, ಹೊಸ ಚರ್ಮ ಕೊಳ್ಳಬೇಕು, ಮುಂದಿನ ಮಳೆಗಾಲಕ್ಕೆ ಒಂದಿಷ್ಟು ಉಳಿಯಬೇಕು. ವರ್ಷದ ಗಳಿಕೆಯ ತಿರುಳು ಬೇಸಿಗೆಯಲ್ಲಿದೆ, ಬೇಸಿಗೆಯ ಹಬ್ಬದ ಅದ್ದೂರಿ ಹಿಂದಿನ ಮಳೆಗಾಲದ ಬೆಳೆಯಲ್ಲಿದೆ. ಮಲೆನಾಡಿನಲ್ಲಿ ಜುಲೈನಲ್ಲಿ ಸುರಿದ ಮಳೆ ಮರುವರ್ಷದ ಏಪ್ರಿಲ್‌ನಲ್ಲಿ ತಮಟೆಯವನ ಮಡಿಲಿಗೆ ಬೀಳುತ್ತದೆ.

ಬೆಟ್ಟ ಬಿದ್ದರೆ ಜಾತ್ರೆ ಎಲ್ಲಿ?

ಬೇಬಿ ಬೆಟ್ಟದ ಹೆಸರು ಜಾತ್ರೆಗಿಂತ ಹೆಚ್ಚಾಗಿ ಕಲ್ಲು ಗಣಿಗಾರಿಕೆಯಿಂದ ಪತ್ರಿಕೆಗಳಲ್ಲಿ ಬಂದಿದೆ. 2018ರ ಸೆಪ್ಟೆಂಬರ್‌ನಲ್ಲಿ ಆ ಭಾಗದಲ್ಲಿ ಭಾರಿ ಸದ್ದು ಕೇಳಿಬಂದಾಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಕಂಪನವನ್ನು ದಾಖಲಿಸಿ, ಅಣೆಕಟ್ಟಿನ ಸುರಕ್ಷತೆಯ ದೃಷ್ಟಿಯಿಂದ ಸುತ್ತಲಿನ ಗಣಿಗಾರಿಕೆಯ ವಿರುದ್ಧ ಎಚ್ಚರಿಸಿತು. 2022ರಲ್ಲಿ ಪ್ರಾಯೋಗಿಕ ಸ್ಫೋಟಕ್ಕೆ ಸಿದ್ಧತೆ ನಡೆದಾಗ ರೈತರು ಪ್ರತಿಭಟಿಸಿದರು. 2024ರ ಜನವರಿಯಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಚರ್ಚೆಯೆಲ್ಲ ಅಣೆಕಟ್ಟಿನ ಸುತ್ತ ನಡೆದದ್ದು ಸಹಜ. ಅಣೆಕಟ್ಟು ಬಿರುಕು ಬಿಟ್ಟರೆ ಆಗುವ ಅನಾಹುತ ಊಹೆಗೆ ಮೀರಿದ್ದು.

ಆದರೆ ಆ ಬೆಟ್ಟದ ಅಡಿಯಲ್ಲಿ ದನಗಳು ಕೂಡುವ ಬಯಲಿದೆ, ಅಲ್ಲಿ ಕೂಡುವ ಜನರಿದ್ದಾರೆ, ಅವರನ್ನು ನೆಚ್ಚಿ ಬರುವ ವಾದ್ಯದವರಿದ್ದಾರೆ. ಉಳುವ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದು ದನಗಳ ಜಾತ್ರೆಗಳು ಮೊದಲೇ ಕ್ಷೀಣಿಸಿವೆ. ಅಂಥ ಜಾತ್ರೆಯ ಬೆನ್ನಿಗಿರುವ ಬೆಟ್ಟವನ್ನೇ ಜಲ್ಲಿಯಾಗಿ ಸಾಗಿಸಿದರೆ ಉಳಿಯುವುದೇನು? ಒಂದು ಗುಡ್ಡದ ಬೆಲೆಯನ್ನು ಲೆಕ್ಕ ಹಾಕುವಾಗ ಟನ್ನುಗಳಲ್ಲಿ ಕಲ್ಲು, ರೂಪಾಯಿಗಳಲ್ಲಿ ರಾಜಧನ ಎಂದು ಬರೆಯುತ್ತಾರೆ. ಅದನ್ನು ಆಶ್ರಯಿಸಿದ ಜಾತ್ರೆ, ಜಾತ್ರೆಯನ್ನು ಆಶ್ರಯಿಸಿದ ಬದುಕುಗಳು ಯಾವ ಅಂಕಣದಲ್ಲಿಯೂ ಬರುವುದಿಲ್ಲ. ಮಲೆನಾಡಿನಲ್ಲಿ ದೇವರ ಕಾಡುಗಳ ವಿಷಯದಲ್ಲಿ ಆದದ್ದೂ ಇದೇ. ಮರದ ಘನ ಅಡಿಗಳನ್ನು ಎಣಿಸಿದವರು ಬನದ ಹಬ್ಬವನ್ನು ಎಣಿಸಲಿಲ್ಲ.

ಸಾವಿನ ಮನೆಯ ತಮಟೆ

ಇಷ್ಟು ಹೇಳಿದ ಮೇಲೆ ಹಳೆಯದೆಲ್ಲ ಚೆನ್ನಾಗಿತ್ತು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದು ತಪ್ಪು ತೀರ್ಮಾನ. ತಮಟೆಯ ವರ್ಷದಲ್ಲಿ ಋತುವಿಲ್ಲದ ಒಂದು ಕೆಲಸವಿದೆ. ಅದು ಸಾವಿನದು. ಊರಿನಲ್ಲಿ ಯಾರೇ ಸತ್ತರೂ, ನಡುರಾತ್ರಿಯಾದರೂ, ಮನೆಯಲ್ಲಿ ಕಾಯಿಲೆಯಿದ್ದರೂ ಹೋಗಿ ಬಡಿಯಲೇಬೇಕು ಎಂಬ ಕಟ್ಟಳೆ ಜಾತಿಯ ಕಟ್ಟಳೆಯಾಗಿತ್ತು. ಹೋಗದಿದ್ದರೆ ದಂಡ, ಬಹಿಷ್ಕಾರ. ಅದೇ ವಾದ್ಯ ಬಡಿದು ದೇವರನ್ನು ಕುಣಿಸಿದವನು ಗುಡಿಯ ಹೊರಗೆ ನಿಲ್ಲಬೇಕಾಗಿತ್ತು. 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಪ್ರಭಾವದಲ್ಲಿ ಅನೇಕ ಊರುಗಳ ಯುವಕರು ಈ ಬಿಟ್ಟಿ ಚಾಕರಿಯನ್ನು ನಿರಾಕರಿಸಿದರು. ತಮಟೆಯನ್ನು ಕೆಳಗಿಟ್ಟದ್ದು ಅವರ ಸ್ವಾಭಿಮಾನದ ಕ್ರಿಯೆ. ಅದೇ ತಮಟೆಯನ್ನು ಹೋರಾಟದ ಹಾಡುಗಳೊಡನೆ ಬೀದಿಗೆ ತಂದದ್ದೂ ಅದೇ ಚಳವಳಿ. ಇಂದು ರೈತರಾಗಲಿ ಕಾರ್ಮಿಕರಾಗಲಿ ಕಚೇರಿಯ ಮುಂದೆ ‘ತಮಟೆ ಚಳವಳಿ’ ನಡೆಸುವುದು ಸಾಮಾನ್ಯವಾಗಿದೆ. ಆ ನಾದಕ್ಕೆ ಪ್ರತಿಭಟನೆಯ ಅರ್ಥ ಬಂದದ್ದು ತಾನಾಗಿಯೇ ಅಲ್ಲ.

ಆದುದರಿಂದ ‘ಕಲೆ ಉಳಿಸಿ’ ಎಂಬ ಕರೆಯನ್ನು ಕೊಡುವವರು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತಮಟೆಯನ್ನು ಬಿಡುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಅದನ್ನು ಹಿಡಿಯುವುದು ಕಲೆಯಾಗುತ್ತದೆ. ಮಗನನ್ನು ಓದಿಸಿ ಬೇರೆ ಕೆಲಸಕ್ಕೆ ಕಳಿಸಿದ ತಮಟೆಯವನ ಮೇಲೆ ಪರಂಪರೆಯ ಭಾರವನ್ನು ಹೊರಿಸುವ ಅಧಿಕಾರ ಯಾವ ವಿದ್ವಾಂಸನಿಗೂ ಇಲ್ಲ. ಅದನ್ನು ಉಳಿಸಬೇಕಾದ ಹೊಣೆ ಒಂದು ಕೇರಿಯದಲ್ಲ, ಇಡೀ ಊರಿನದು. ಎಲ್ಲ ಜಾತಿಯ ಮಕ್ಕಳೂ ಶಾಲೆಯಲ್ಲಿ ಅದನ್ನು ಕಲಿತ ದಿನ ಆ ಹೊಣೆ ಹಂಚಿಕೆಯಾಗುತ್ತದೆ.

ಬರದ ಲೆಕ್ಕದಲ್ಲಿ ಇಲ್ಲದವನು

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ದಿಗ್ಬಂಧನ ಬಂದದ್ದು ಸರಿಯಾಗಿ ಯುಗಾದಿಗೆ. ಹಬ್ಬಗಳ ಕಾಲ ತೆರೆಯುವ ಬಾಗಿಲಲ್ಲಿಯೇ ಮುಚ್ಚಿತು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ. ಎರಡು ವರ್ಷ ಸಾಲಾಗಿ, ಗಳಿಕೆಯ ನಾಲ್ಕು ತಿಂಗಳುಗಳಿಗೇ ಪೆಟ್ಟು ಬಿತ್ತು. ಚೇತರಿಸಿಕೊಳ್ಳುವ ಹೊತ್ತಿಗೆ 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಕೃಷ್ಣರಾಜಸಾಗರ ಆ ವರ್ಷ ತುಂಬಲಿಲ್ಲ. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಧರಣಿಗಳು ನಡೆದವು, ಆ ಧರಣಿಗಳಲ್ಲಿ ತಮಟೆಯ ಸದ್ದೂ ಇತ್ತು. ಬೆಳೆ ಕೈಗೆ ಬಾರದ ಊರುಗಳಲ್ಲಿ ಮರುಬೇಸಿಗೆಯ ಹಬ್ಬ ಸರಳವಾಗುತ್ತದೆ, ಇಲ್ಲವೇ ಮುಂದಕ್ಕೆ ಹೋಗುತ್ತದೆ. ಮೊದಲು ಕಡಿತವಾಗುವುದು ವಾದ್ಯದ ಖರ್ಚು.

ಬರ ಬಂದಾಗ ಸರ್ಕಾರ ಬೆಳೆ ನಷ್ಟವನ್ನು ಹೆಕ್ಟೇರುಗಳಲ್ಲಿ ಎಣಿಸಿ ಪರಿಹಾರ ಕೊಡುತ್ತದೆ. ಅದು ಭೂಮಿಯ ಒಡೆಯನಿಗೆ ಸಲ್ಲುತ್ತದೆ. ವಿಕೋಪ ಪರಿಹಾರದ ನಿಯಮಾವಳಿಯಲ್ಲಿ ಮೀನುಗಾರನ ದೋಣಿ, ಬಲೆಗಳಿಗೂ ನೇಕಾರ, ಕರಕುಶಲಿಗಳ ಉಪಕರಣಗಳಿಗೂ ಒಂದೊಂದು ಸಾಲಿದೆ. ಇದು ನ್ಯಾಯವೇ. ಹಾಗಾದರೆ ಬರದಿಂದ ನಾಲ್ಕು ತಿಂಗಳ ಸಂಪಾದನೆ ಕಳೆದುಕೊಂಡ ವಾದ್ಯದವನಿಗೆ ಏಕೆ ಒಂದು ಸಾಲಿಲ್ಲ? ಅವನ ಬದುಕು ಮಳೆಯನ್ನು ಅವಲಂಬಿಸಿದೆ ಎಂಬುದು ಕಚೇರಿಗೆ ತಿಳಿದಿಲ್ಲ. ಕಲಾವಿದನೆಂದರೆ ಸಂಸ್ಕೃತಿ ಇಲಾಖೆಯ ವಿಷಯ, ಬರವೆಂದರೆ ಕಂದಾಯ ಇಲಾಖೆಯ ವಿಷಯ ಎಂಬ ವಿಭಜನೆಯಲ್ಲಿ ಅವನು ಎರಡರಿಂದಲೂ ಜಾರಿಹೋಗುತ್ತಾನೆ.

ಆಗಬೇಕಾದದ್ದು

ಈ ನೆಲಕ್ಕೆ ಜಾನಪದವನ್ನು ಗೌರವಿಸಿದವರ ಕೊರತೆಯಿಲ್ಲ. ಜಾನಪದ ಲೋಕವನ್ನು ರಾಮನಗರದ ಬಳಿ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೀ.ಶಂ. ಪರಮಶಿವಯ್ಯನವರು ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯವರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಶತಮಾನಗಳ ಕಾಲ ಕೀಳೆಂದು ಕಂಡ ವಾದ್ಯಕ್ಕೆ ರಾಷ್ಟ್ರಪತಿ ಭವನದಲ್ಲಿ ಮನ್ನಣೆ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಹಾಡುಗಳನ್ನು ಸಂಗ್ರಹಿಸಿ ಗ್ರಂಥವಾಗಿಸಬಹುದು, ವಾದ್ಯವನ್ನು ವಸ್ತು ಸಂಗ್ರಹಾಲಯದಲ್ಲಿ ಇರಿಸಬಹುದು, ವರ್ಷವನ್ನು ಹಾಗೆ ಇರಿಸಲು ಬರುವುದಿಲ್ಲ. ಮಳೆ, ಕೆರೆ, ಬೆಳೆ, ಬಿಡುವು, ಹಬ್ಬ, ಕೂಲಿ ಇವು ಸರದಿಯಂತೆ ಬಂದರೆ ಮಾತ್ರ ಕಲಾವಿದ ಬದುಕುತ್ತಾನೆ.

ಆದುದರಿಂದ ಬೇಡಿಕೆಗಳೂ ಆ ವರ್ಷವನ್ನು ಅನುಸರಿಸಬೇಕು. ಬರ ಘೋಷಣೆಯಾದ ತಾಲ್ಲೂಕುಗಳಲ್ಲಿ ನೋಂದಾಯಿತ ಜನಪದ ಕಲಾವಿದರನ್ನು ಪರಿಹಾರದ ಪಟ್ಟಿಗೆ ಸೇರಿಸಬೇಕು. ಸಂಪಾದನೆಯಿಲ್ಲದ ಆಷಾಢದಿಂದ ಭಾದ್ರಪದದವರೆಗೆ ಹಳ್ಳಿಯ ಶಾಲೆಗಳಲ್ಲಿ ತಮಟೆ, ಕುಣಿತಗಳನ್ನು ಕಲಿಸುವ ಕೆಲಸವನ್ನು ಅವರಿಗೆ ವೇತನ ಸಹಿತ ಕೊಡಬೇಕು. ಇದರಿಂದ ಮಳೆಗಾಲದ ಹಸಿವಿಗೂ ಜಾತಿಯ ಕಟ್ಟಿಗೂ ಒಟ್ಟಿಗೆ ಉತ್ತರ ದೊರೆಯುತ್ತದೆ. ಸರ್ಕಾರದ ಕಾರ್ಯಕ್ರಮಗಳ ಸಂಭಾವನೆ ತಂಡದ ಪ್ರತಿಯೊಬ್ಬನ ಖಾತೆಗೆ ನೇರವಾಗಿ, ಗೊತ್ತುಪಡಿಸಿದ ದಿನಗಳೊಳಗೆ ಹೋಗಬೇಕು. 2000ದ ಶಬ್ದ ನಿಯಮಗಳನ್ನು ಹಬ್ಬಗಳಲ್ಲಿಯೂ ಜಾರಿಗೊಳಿಸಬೇಕು. ಜಾತ್ರೆಯ ಬಯಲು, ಗುಂಡುತೋಪು, ಕೆರೆಯಂಗಳಗಳನ್ನು ಅಳೆದು, ಕಲ್ಲು ನೆಟ್ಟು, ಒತ್ತುವರಿಯಿಂದ ಕಾಯಬೇಕು.

ಇವುಗಳ ಖರ್ಚು ಎಲ್ಲಿಂದ ಎಂದು ಕೇಳುವವರಿದ್ದಾರೆ. ಉತ್ಸವದ ವಿದ್ಯುದ್ದೀಪಾಲಂಕಾರಕ್ಕೆ ಈ ಪ್ರಶ್ನೆ ಬರುವುದಿಲ್ಲ. ಎಲ್ಲ ಕಲಾವಿದರನ್ನೂ ಸರ್ಕಾರ ಸಾಕಲಾದೀತೇ ಎಂಬ ಆಕ್ಷೇಪವೂ ಉಂಟು. ಸಾಕಬೇಕೆಂದು ಯಾರೂ ಕೇಳುತ್ತಿಲ್ಲ. ಊರಿನವರು ಕರೆದರೆ, ಕರೆದವರು ಕೂಲಿ ಕೊಟ್ಟರೆ ತಮಟೆಯವನು ತನ್ನ ಕೈಯಲ್ಲಿಯೇ ಬದುಕಬಲ್ಲ. ಊರಿಗೆ ಕರೆಯುವ ಶಕ್ತಿ ಉಳಿಯುವಂತೆ ನೆಲ, ನೀರುಗಳನ್ನು ಕಾಪಾಡುವುದು ಮತ್ತು ಕೆಟ್ಟ ವರ್ಷದಲ್ಲಿ ಕೈ ಬಿಡದಿರುವುದು, ಇಷ್ಟೇ ಕೋರಿಕೆ.

ಮಲೆನಾಡಿನ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಪಾಲಿದೆ. ಹೇಮಾವತಿಯ ತಲೆಯಲ್ಲಿ ಶೋಲೆ ಕಾಡನ್ನು ಕಡಿದರೆ ಕೆಳಗಿನ ಅಣೆಕಟ್ಟಿಗೆ ಹೂಳು ಬರುತ್ತದೆ, ಬೇಸಿಗೆಯ ಹರಿವು ಇಳಿಯುತ್ತದೆ ಎಂದು ಅವರು ಓದಿದ್ದಾರೆ. ಆ ಪಾಠವನ್ನು ಇನ್ನಷ್ಟು ಕೆಳಕ್ಕೆ ಒಯ್ಯಬೇಕು. ಹರಿವು ಇಳಿದರೆ ಕೃಷ್ಣರಾಜಪೇಟೆಯ ಅಣೆಯಲ್ಲಿ ನೀರಿಲ್ಲ, ಪಾಂಡವಪುರದ ನಾಲೆಯಲ್ಲಿ ಸರದಿ ತಪ್ಪುತ್ತದೆ, ನಾಗಮಂಗಲದ ಕೆರೆ ಒಣಗುತ್ತದೆ, ಶ್ರೀರಂಗಪಟ್ಟಣದ ಗದ್ದೆಯಲ್ಲಿ ನಾಟಿ ನಿಲ್ಲುತ್ತದೆ. ಮರುಬೇಸಿಗೆಯಲ್ಲಿ ಯಾವುದೋ ಹಟ್ಟಿಯ ಗೂಟದಲ್ಲಿ ನೇತುಹಾಕಿದ ತಮಟೆ ಹಾಗೆಯೇ ನೇತಾಡುತ್ತದೆ. ಘಟ್ಟದ ಕಾಡನ್ನು ಕಾಯುವ ಹೋರಾಟದಲ್ಲಿ ಬಯಲಿನ ಆ ವಾದ್ಯದವನಿಗೂ ಹಕ್ಕಿದೆ. ಅವನನ್ನು ಮುಂದಿನ ಜಾಥಾದಲ್ಲಿ ಸದ್ದು ಮಾಡಲು ಕರೆದರೆ ಸಾಲದು, ಸಭೆಯಲ್ಲಿ ಮಾತನಾಡಲೂ ಕರೆಯಬೇಕು.